ಗೆರೆಯಿಲ್ಲದ ಹೆಬ್ಬೆರಳು

ನಮ್ಮ ಪಕ್ಕದ ಮನೆಯ ಮೇಸ್ತ್ರಿ ಸಾಬರ ಬೆರಳ ತುದಿಗಳನ್ನು ಸುಣ್ಣ ತಿಂದುಹಾಕಿತ್ತು. ಹೊಳೆಯಲ್ಲಿ ಉರುಳಿದ ಕಲ್ಲಿನ ಹಾಗೆ ನುಣ್ಣಗಿದ್ದವು. ನಾವು ಮಕ್ಕಳೆಲ್ಲ ಮಸಿಯಲ್ಲಿ ಬೆರಳದ್ದಿ ಹಲಗೆಯ ಮೇಲೆ ಒತ್ತುವ ಆಟ ಆಡುವಾಗ ಅವರೂ ಒತ್ತುತ್ತಿದ್ದರು. ನಮ್ಮದೆಲ್ಲ ಗೆರೆಗೆರೆಯಾಗಿ ಬಂದರೆ ಅವರದು ಬರೀ ಕಪ್ಪು ಕಲೆ. "ಇದು ಹೆಬ್ಬೆಟ್ಟಲ್ಲ ಕಣ್ ಬೇಟಿ, ಬೊಟ್ಟು" ಎಂದು ನಗುತ್ತಿದ್ದರು. ಆ ಮಾತು ನೆನೆದರೆ ಈಗ ನನಗೆ ನಗು ಬರುವುದಿಲ್ಲ.

ಪಿರಿಯಾಪಟ್ಟಣದ ಅರ್ಧ ಗೋಡೆಗಳು ಅವರ ಕೈಯವೇ. ಮಹಾ ಜಗಳಗಂಟ. ತಾವು ಕಟ್ಟಿದ ಗೋಡೆ ಬಿರುಕು ಬಿಟ್ಟಿದೆ ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ಅವರ ಮನೆಗೇ ಹೋಗಿ ಕೂಗಾಡಿ, ಮರುದಿನ ಗಾರೆ ಕಲಸಿಕೊಂಡು ಹೋಗಿ ತಾವೇ ಸರಿಮಾಡಿ ಬರುತ್ತಿದ್ದರು. ಕಮಾನು ಕಟ್ಟಿ ಮುಗಿಸಿ, ಅದಕ್ಕೆ ಆನಿಸಿದ ಮರದ ಊರೆ ತೆಗೆಯುವ ದಿನ ಆಳುಗಳನ್ನೆಲ್ಲ ದೂರ ಕಳಿಸಿ, ಎಲೆಅಡಿಕೆ ಜಗಿಯುತ್ತ ಅದರ ಕೆಳಗೆ ತಾವು ನಿಲ್ಲುತ್ತಿದ್ದರು. ನಮ್ಮಪ್ಪ, "ಯಾಕ್ ಸಾಬ್ರೇ ಈ ಉಚ್ಚು?" ಎಂದರೆ, "ನಾನ್ ಕಟ್ಟಿದ್ದಕ್ಕೆ ನಾನೇ ಜಾಮೀನು ಕಣ್ರೀ ಗೌಡ್ರೇ" ಎನ್ನುತ್ತಿದ್ದರು.

ಜಾಮೀನು ಎಂಬ ಮಾತು ಅವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಎತ್ತು ಕೊಳ್ಳುವವನಿಗೂ ಮಾರುವವನಿಗೂ ನಂಬಿಕೆ ಹುಟ್ಟದಿದ್ದರೆ ಇವರೇ ನಡುವೆ ನಿಲ್ಲಬೇಕು. ನಾನು ಮೈಸೂರಿಗೆ ಹೋಗಿ ಓದುತ್ತೇನೆಂದು ಹಟ ಹಿಡಿದಾಗ ಅಪ್ಪ ಸುತರಾಂ ಒಪ್ಪಲಿಲ್ಲ. ಸಾಬರು ನಮ್ಮ ಜಗಲಿಯ ಮೇಲೆ ಕೂತು, "ಓಗ್ಲಿ ಬುಡ್ರೀ. ಕೆಟ್ಟೆಸರು ಬಂದ್ರೆ ನನ್ನ ಕೇಳಿ. ನಾನು ಜಾಮೀನು" ಎಂದರು. ಅಪ್ಪ ಅಟ್ಟದಿಂದ ನನ್ನ ಪೆಟ್ಟಿಗೆ ಕೆಳಗಿಳಿಸಲು ಅಮ್ಮನಿಗೆ ಹೇಳಿದರು.

ಬೆಟ್ಟದಪುರದ ದಾರಿಯಲ್ಲೊಂದು ಹಳ್ಳ. ಮಳೆ ಬಂದರೆ ಗಾಡಿಗಳು ಆಚೆಯವು ಆಚೆ, ಈಚೆಯವು ಈಚೆ. ಮಹಾರಾಜರ ಸರ್ಕಾರ ಅಲ್ಲಿ ಕಲ್ಲಿನ ಸೇತುವೆ ಕಟ್ಟಿಸಲು ಗುತ್ತಿಗೆ ಕರೆಯಿತು. ಸಾಬರು ಜೀವಮಾನವೆಲ್ಲ ಬೇರೆಯವರ ಗುತ್ತಿಗೆಯಲ್ಲಿ ದುಡಿದವರು. "ಸಾಯೋದ್ರೊಳಗೆ ಒಂದಾದ್ರೂ ನನ್ ಎಸರಲ್ಲಿ ಕಟ್ಬೇಕು" ಎಂದು ಹೊರಟರು. ಆದರೆ ಕೆಲಸ ನಡುವೆ ನಿಂತರೆ, ಇಲ್ಲವೇ ಸೇತುವೆ ಬಿದ್ದರೆ, ನಷ್ಟ ತುಂಬಲು ಜಮೀನಿದ್ದವರೊಬ್ಬರು ಜಾಮೀನು ನಿಲ್ಲಬೇಕೆಂದು ಕಾನೂನು. "ಜಾಮೀನಿಗೆ ಜಮೀನು ಬೇಕಂತೆ. ನನ್ ತಾವ ಕರಣೆ ಒಂದೇ ಇರೋದು" ಎಂದು ಗೋಡೆ ನುಣುಪು ಮಾಡುವ ಆ ಕರಣೆಯನ್ನೇ ತೋರಿಸಿದರು. ಅಪ್ಪ ನಮ್ಮ ಕೆರೆ ಕೆಳಗಿನ ಗದ್ದೆಯನ್ನು ಆಧಾರವಾಗಿ ಕೊಟ್ಟು ಜಾಮೀನು ನಿಂತರು. ಅಮ್ಮ ಅತ್ತಳು. ಅಪ್ಪ ಕೇಳಲಿಲ್ಲ.

ರಜೆಗೆ ಬಂದಿದ್ದ ನಾನೂ ಅವರಿಬ್ಬರ ಹಿಂದೆ ಅಮಲ್ದಾರರ ಕಚೇರಿಗೆ ಹೋದೆ. ಅಪ್ಪ ಸಹಿ ಮಾಡಿದರು. ಸಾಬರು ಹೆಬ್ಬೆಟ್ಟು ಒತ್ತಿದರು, ಕಲೆ. ಇನ್ನೊಂದು ಕೈಯದೂ ಕಲೆಯೇ.

"ಗೆರೆ ಎಲ್ರೀ?" ಎಂದ ಗುಮಾಸ್ತ.

"ಊರಿನ ಗೋಡೆಗಳ ಮೇಲೈತೆ ಸ್ವಾಮಿ."

ಗುಮಾಸ್ತ ನಗಲಿಲ್ಲ. "ಗುರುತಿಲ್ದೆ ತಗೊಂಡ್ರೆ ನಾಳೆ ಅದು ನಂದಲ್ಲ ಅಂತೀರಿ. ಗಾರೆ ಮುಟ್ಟದೆ ಇರಿ, ಗೆರೆ ಮೂಡುತ್ತೆ. ಗಡುವಿನೊಳಗೆ ಬನ್ನಿ" ಎಂದ. ಆತನ ಮನೆಯ ಅಡುಗೆಕೋಣೆ ಕಟ್ಟಿದ್ದು ಇದೇ ಕೈ! ನನಗೆ ಮೈಯೆಲ್ಲ ಉರಿಯಿತು. ಸಾಬರಿಗೆ ಸಹಿ ಹಾಕುವುದನ್ನು ಕಲಿಸುತ್ತೇನೆಂದೆ. "ನೀನ್ ಬರೆದಂಗೆ ನಾನ್ ಗೀಚಿದ್ರೆ ಅದು ನನ್ ಗುರುತಾಯ್ತದಾ?" ಎಂದರು. ಆ ಮನುಷ್ಯನ ಮೊಂಡುತನಕ್ಕೆ ತಲೆ ಚಚ್ಚಿಕೊಳ್ಳಬೇಕು.

ಆಮೇಲೆ ಸಾಬರು ಹೆಬ್ಬೆರಳಿಗೆ ಹರಳೆಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಜಗಲಿಯ ಮೇಲೆ ಬಾಣಂತಿಯ ಹಾಗೆ ಕೂತರು. ನಾನು ದಿನಾ ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ನಿಜವಾಗಿಯೂ ಎಳೆ ಎಳೆಯಾಗಿ ಗೆರೆಗಳು ಮೂಡತೊಡಗಿದ್ದವು. ಗಡುವಿಗೆ ಎರಡು ದಿನವಿದೆ ಎನ್ನುವಾಗ ಮೂಲೆಮನೆ ಅಜ್ಜಿಯ ಬಾವಿಕಟ್ಟೆ ಕುಸಿಯಿತು. ನಾನು ಓಡಿಹೋಗಿ ನೋಡುವಷ್ಟರಲ್ಲಿ ಸಾಬರು ಮೊಣಕೈವರೆಗೆ ಗಾರೆ ಮೆತ್ತಿಕೊಂಡಿದ್ದರು.

"ಊರಲ್ಲಿ ಬೇರೆ ಮೇಸ್ತ್ರಿಗಳೇ ಇರ್ಲಿಲ್ವಾ?" ಎಂದು ಕಿರುಚಿದೆ.

"ಅವ್ರೇನ್ ಇದನ್ನ ಕಟ್ಟಿದ್ರಾ? ನಾನ್ ಕಟ್ಟಿದ್ದು ಕಣ್ ಬೇಟಿ. ಮಕ್ಕಳು ಬಗ್ಗಿ ನೋಡೋ ಬಾವಿ."

ಗಡುವಿನ ದಿನ ಮತ್ತೆ ಕಲೆಯೇ ಬಿತ್ತು. ಗುಮಾಸ್ತ ಮಸಿಯ ಬಟ್ಟಲು ಮುಚ್ಚಿದ.

ಗುತ್ತಿಗೆ ಹುಣಸೂರು ಕಡೆಯ ಜಮೀನ್ದಾರರೊಬ್ಬರಿಗೆ ಹೋಯಿತು. ಕರಣೆ ಹಿಡಿಯಲು ಬಾರದ ಆ ಮಹಾನುಭಾವರು ಸಾಬರನ್ನೇ ಕೂಲಿಗೆ ಕರೆದರು. ಇವರು ಹೋದರು! ಮುಂದಿನ ರಜೆಗೆ ನಾನು ಬಂದಿದ್ದಾಗಲೇ ಊರೆ ತೆಗೆದರು. ಆ ದಿನ ಜಮೀನ್ದಾರರು ದಡದ ಮೇಲೆ ಕೊಡೆ ಹಿಡಿಸಿಕೊಂಡು ನಿಂತಿದ್ದರು. ಕಮಾನಿನ ಕೆಳಗೆ ಎಲೆಅಡಿಕೆ ಜಗಿಯುತ್ತ ಸಾಬರು. ಸಾಬರ ಮೇಲೋ ಸರ್ಕಾರದ ಮೇಲೋ, ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ನಾನು ಅಳುತ್ತ ಮನೆಗೆ ಬಂದೆ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಬೆಟ್ಟದಪುರದಲ್ಲಿ ಶಾಲಾ ಉಪಾಧ್ಯಾಯಿನಿ. ಅದೇ ಸೇತುವೆಯ ಮೇಲೆ ಗಾಡಿಯಲ್ಲಿ ಬಂದೆ. ಅದರ ಕಲ್ಲಿನಲ್ಲಿ ಜಮೀನ್ದಾರರ ಹೆಸರಿದೆ. ಬಿರುಕು ಮಾತ್ರ ಎಲ್ಲೂ ಇಲ್ಲ. ಮಣ್ಣು ಮಾಡಿ ಬಂದ ಅಪ್ಪ ಜಗಲಿಯ ಮೇಲೆ, ಸಾಬರು ಕೂರುತ್ತಿದ್ದ ಜಾಗ ಬಿಟ್ಟು ಕೂತಿದ್ದರು.

ನಾನು ಓದಿದ್ದು, ನಾಲ್ಕು ಮಕ್ಕಳಿಗೆ ಅಕ್ಷರ ಹೇಳಿಕೊಟ್ಟಿದ್ದು, ಎಲ್ಲವೂ ಆ ಜಗಲಿಯ ಮೇಲಿನ ಒಂದು ಮಾತಿನಿಂದ. ಅವತ್ತು ಅಪ್ಪ ಸಾಬರ ಹೆಬ್ಬೆಟ್ಟು ಕೇಳಿರಲಿಲ್ಲ.