ತರಗೆಲೆ ರಾಶಿಯ ಫೋಟೊ

ಮದುವೆಯಾಗಿ ರಾಮಕುಂಜದ ಹತ್ತಿರದ ಈ ಮನೆಗೆ ಬಂದ ಮೇಲೆ ನನಗೆ ಹಿಡಿದ ಹುಚ್ಚು ಒಂದೇ: ಹಿತ್ತಿಲಿನಲ್ಲಿ ಏನು ಹರಿಯುತ್ತದೆ, ಏನು ಕುಪ್ಪಳಿಸುತ್ತದೆ ಎಂದು ನೋಡುವುದು. ಬಾಳೆಯ ಸುಳಿಯೊಳಗಿನ ಮರಗಪ್ಪೆ, ತೆಂಗಿನ ಕಾಂಡಕ್ಕೆ ಅಂಟಿಕೊಂಡ ಹಾರುವ ಓತಿ, ಬಚ್ಚಲ ನೀರು ಹೋಗುವಲ್ಲಿ ಕೂರುವ ನೀರೊಳ್ಳೆ ಹಾವು. ಎಲ್ಲದರ ಫೋಟೊ ತೆಗೆದು, ನನ್ನಂಥ ಹುಚ್ಚರೇ ತುಂಬಿರುವ ಮೊಬೈಲಿನ ಒಂದು ಗುಂಪಿಗೆ ಹಾಕುತ್ತಿದ್ದೆ.

ಅತ್ತೆಗೆ ಇದು ಕಂಡರಾಗದು. ನಾಗರಹಾವು ಕಂಡರೆ ಕೈಮುಗಿದು ನಾಗನಿಗೆ ತಂಬಿಲದ ಪೂಜೆಯ ಹರಕೆ ಹೇಳಿಕೊಳ್ಳುವರು. ಬೇರೆ ಯಾವ ಹಾವು ಕಂಡರೂ ದೊಣ್ಣೆ ಹಿಡಿದು ಬರಲು ಪಕ್ಕದ ಮನೆಯವರನ್ನು ಕೂಗುವರು. ಮಲ್ಲಿಗೆಯ ಬುಡಕ್ಕೆ ಹಾಕಲು ತರಗೆಲೆ ಬಾಚುವ ಮೊದಲು ರಾಶಿಗೆ ಕೋಲಿನಿಂದ ನಾಲ್ಕು ಬಾರಿಸುವುದು ಅವರ ಕ್ರಮ. ನಾನು ಬಿಡಬೇಕಲ್ಲ.

“ಎಲೆಗೆ ಯಾಕೆ ಹೊಡೆಯುದು ಅತ್ತೆ? ಅದು ನಿಮಗೆ ಎಂತ ಮಾಡಿದೆ?”

“ನಿನಗೆ ಎಲ್ಲ ತಮಾಷೆ ಮಾರಾಯ್ತಿ. ಅದರೊಳಗೆ ಎಂತ ಉಂಟು, ಯಾರಿಗೆ ಗೊತ್ತು?”

“ನನಗೆ ಗೊತ್ತುಂಟು.”

ಹೀಗೆ ನಕ್ಕು ನಕ್ಕು, ಫೋಟೊ ತೋರಿಸಿ ತೋರಿಸಿ, ಆರೇಳು ವರ್ಷದಲ್ಲಿ ಅವರನ್ನು ‘ಸರಿ’ ಮಾಡಿದೆ. ಕೇರೆಹಾವು ಬಂದರೆ “ಇಲಿ ತಿನ್ನಲಿಕ್ಕೆ ಬಂದದ್ದು, ಹೋಗಲಿ” ಎಂದು ನನ್ನ ಮಾತನ್ನೇ ನೆಂಟರಿಗೆ ಹೇಳುವಷ್ಟಾದರು. ಕೋಲನ್ನೂ ಬಿಟ್ಟರು. ನನಗೋ ಹೆಮ್ಮೆಯೇ ಹೆಮ್ಮೆ.

ಕಳೆದ ವರ್ಷ ಮಳೆ ಕಡಿಮೆಯಾದ ಮೇಲೆ, ಒಂದು ಸೋಮವಾರ, ಅದೇ ತರಗೆಲೆ ರಾಶಿಯಲ್ಲಿ ಒಂದು ಹಾವು ಕಂಡೆ. ಗೇಣಿಗಿಂತ ತುಸು ಉದ್ದ, ಒಣಗಿದ ಎಲೆಯದೇ ಬಣ್ಣ, ಮೂಗಿನ ತುದಿ ಮೇಲಕ್ಕೆದ್ದಿತ್ತು. ಮಂಡಲದ ಜಾತಿ, ವಿಷದ್ದು. ನಮ್ಮ ಹಿತ್ತಿಲಿನಲ್ಲಿ ಅದನ್ನು ನೋಡಿದ್ದು ಅದೇ ಮೊದಲು. ಉಸಿರು ಬಿಗಿಹಿಡಿದು ಫೋಟೊ ತೆಗೆದು ಗುಂಪಿಗೆ ಹಾಕಿದೆ. ಮನೆಯವರಿಗೆ ಹೇಳಿದ್ದೀರಲ್ಲ ಎಂದು ಒಬ್ಬರು ಕೇಳಿದ್ದಕ್ಕೆ ಹೌದು ಎಂದು ಬರೆದೆ.

ಹೇಳಿರಲಿಲ್ಲ. ಹೇಳಿದರೆ ಅತ್ತೆ ಹೊಡೆಸುತ್ತಾರೆ ಎಂಬುದು ನನಗೆ ನಾನೇ ಕೊಟ್ಟುಕೊಂಡ ಕಾರಣ. ನಿಜ ಬೇರೆಯೇ. ಇಷ್ಟು ವರ್ಷ ‘ಹೆದರಬೇಡಿ’ ಎಂದವಳು ಈಗ ‘ಹೆದರಿ’ ಎನ್ನಬೇಕಿತ್ತು. ಅಷ್ಟು ತಗ್ಗಲು ನನಗೆ ಮನಸ್ಸಾಗಲಿಲ್ಲ. ಹಾವು ತಾನಾಗಿ ಎಲ್ಲಿಗಾದರೂ ಹೋಗುತ್ತದೆ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಅತ್ತೆ ಬರಿಗೈಯಲ್ಲಿ ಎಲೆ ಬಾಚಿದರು. ಅಡುಗೆಮನೆಯ ಬಾಗಿಲಿಗೆ ಬಂದು ಬೆರಳು ತೋರಿಸಿದರು.

“ಹಾವು ಮುಟ್ಟಿತು ಅಂತ ಕಾಣ್ತದೆ. ಸಣ್ಣದು. ವಿಷ ಇಲ್ಲದ್ದೇ ಅಲ್ವಾ?”

ನನ್ನ ಮುಖ ನೋಡಿ ಕೇಳಿದರು. ನಾನು ಗಂಡನನ್ನು ಕೂಗಿದೆ. ಅವರು ಕಾರು ತಂದು ನಿಲ್ಲಿಸುವವರೆಗೂ ಅತ್ತೆಯ ಕೈ ಹಿಡಿದು ಅಲ್ಲೇ ಕೂತಿದ್ದೆ.

ಪುತ್ತೂರಿನ ಆಸ್ಪತ್ರೆಗೆ ತಲುಪುವಾಗ ಕೈ ಮೊಣಕೈವರೆಗೆ ಊದಿತ್ತು. ಯಾವ ಹಾವು ಎಂದು ಡಾಕ್ಟರು ಕೇಳಿದರು. ಫೋನು ತೆಗೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ಇದರ ವಿಷಕ್ಕೆ ನಮ್ಮಲ್ಲಿರುವ ಇಂಜೆಕ್ಷನ್ ಹಿಡಿಯುವುದಿಲ್ಲ, ಕಿಡ್ನಿ ಉಳಿಸಿಕೊಳ್ಳಲು ನೋಡೋಣ ಎಂದರು.

ಗಂಡ ನನ್ನ ಕಡೆ ತಿರುಗಿ ಕೇಳಿದರು: “ಈಗ ತೆಗೆದದ್ದಾ?”

“ಹೌದು.”

ಅತ್ತೆ ಮಲಗಿದಲ್ಲಿಂದ ನನ್ನನ್ನೇ ನೋಡುತ್ತಿದ್ದರು. ಕಚ್ಚಿದ ಮೇಲೆ ನಾನು ಆ ರಾಶಿಯ ಹತ್ತಿರ ಹೋಗಿಯೇ ಇರಲಿಲ್ಲ ಎಂದು ಗೊತ್ತಿದ್ದದ್ದು ಅವರೊಬ್ಬರಿಗೇ. ಗೋಡೆಯ ಕಡೆಗೆ ಮುಖ ತಿರುಗಿಸಿದರು.

ಹನ್ನೊಂದು ದಿನ ಡಯಾಲಿಸಿಸ್ ಎಂದು ಓಡಾಡಿದೆವು. ನಾನು ಒಬ್ಬಳೇ ಅವರ ಹತ್ತಿರ ಕೂತ ಹೊತ್ತು ಎಷ್ಟೋ ಇತ್ತು, ಬಾಯಿ ಬಿಡಬಹುದಿತ್ತು. ಧೈರ್ಯ ಬರಲಿಲ್ಲ. ಹನ್ನೆರಡನೆಯ ದಿನ ಅವರನ್ನು ಆಂಬುಲೆನ್ಸಿನಲ್ಲಿ, ಮುಖ ಮುಚ್ಚಿ, ಮನೆಗೆ ತಂದೆವು.

ಉತ್ತರಕ್ರಿಯೆಯ ದಿನ, ಬೊಜ್ಜದ ಊಟಕ್ಕೆ ಬಂದವರಿಗೆಲ್ಲ ಗಂಡ ಹೇಳುತ್ತಿದ್ದರು: “ಅಷ್ಟು ಗಡಿಬಿಡಿಯಲ್ಲಿಯೂ ಇವಳು ಫೋಟೊ ತೆಗೆದಳು ನೋಡಿ. ಇಲ್ಲದಿದ್ದರೆ ಯಾವ ಹಾವು ಅಂತಲೇ ಗೊತ್ತಾಗ್ತಿರಲಿಲ್ಲ.”

ನಾನು ಪಾಯಸ ಬಡಿಸುತ್ತಿದ್ದೆ. ಪಂಕ್ತಿಯಲ್ಲಿ ಕೂತಿದ್ದ ದೂರದ ನೆಂಟರೊಬ್ಬರು ಕಣ್ಣೊರೆಸಿಕೊಂಡು, “ಇಂಥ ಸೊಸೆ ಸಿಕ್ಕಿದ್ದು ಅವರ ಪುಣ್ಯ ಮಾರಾಯ್ರೆ” ಎಂದರು.

ನಾನು ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದೆ.