ಬಿಜಲಿಯನ್ನು ಲಿಲಾವಿಗಿಟ್ಟ ಚಂದ್ರಭಾಗಾ

ಬೀದರಿನ ಚಿದ್ರಿ ಕಡೆಯ ಮದುವೆ ಮೆರವಣಿಗೆಗಳಲ್ಲಿ ಜನರ ಕಣ್ಣು ಮೊದಲು ಬೀಳುತ್ತಿದ್ದದ್ದು ಮದುಮಗನ ಮೇಲಲ್ಲ, ಅವನ ಕುದುರೆಯ ಲಗಾಮು ಹಿಡಿದ ಹೆಂಗಸಿನ ಮೇಲೆ. ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಗಂಡನ ಹಳೆಯ ಬೂಟು ಏರಿಸಿ, ಬಾಯಲ್ಲಿ ಎಲೆಯಡಿಕೆ ಜಗಿಯುತ್ತ ಚಂದ್ರಭಾಗಾ ಬಂದಳೆಂದರೆ ಎದುರಿನ ಆಟೋಗಳು ತಾವಾಗಿಯೇ ಬದಿಗೆ ಸರಿಯುತ್ತಿದ್ದವು. ಸರಿಯದಿದ್ದರೆ ಆಕೆಯ ಬಾಯಿ ಸರಿಸುತ್ತಿತ್ತು.

ಆಕೆ ಹುಟ್ಟಿದ್ದು ಭಾಲ್ಕಿ ತಾಲೂಕಿನ ಸಾಯಗಾಂವದ ಕುರಿಗಾರರ ಮನೆಯಲ್ಲಿ. ಕುರಿ ಹಿಂಡು ಊರೂರು ತಿರುಗುವಾಗ ಪಾತ್ರೆ, ಕಂಬಳಿ, ಆಗಷ್ಟೇ ಹುಟ್ಟಿದ ಮರಿಗಳನ್ನು ಹೊರಲು ಒಂದು ತಟ್ಟು ಕುದುರೆ ಇರುತ್ತಿತ್ತು. ಕುರಿಗಳ ಮೇಲೆ ಈ ಹುಡುಗಿಗೆ ಅಷ್ಟಕ್ಕಷ್ಟೇ. ಕಾಯಲು ಬಿಟ್ಟರೆ ಕುರಿ ಒಂದು ಹೊಲದಲ್ಲಿ, ತಾನೊಂದು ಹೊಲದಲ್ಲಿ. ಅಪ್ಪ ಬೇಸತ್ತು ಕುದುರೆಯ ಹಗ್ಗವನ್ನು ಕೈಗೆ ಕೊಟ್ಟ. ಅಲ್ಲಿಂದ ಆಕೆ ಸುಧಾರಿಸಿದಳು. ತನ್ನ ಮದುವೆಯ ದಿನ, ಗಂಡು ಕೂತು ಬಂದ ಕುದುರೆಯ ನಡಿಗೆಯನ್ನು ಬಾಸಿಂಗದ ಸಂದಿಯಿಂದಲೇ ನೋಡಿ, "ಅದರ ಹಿಂದಿನ ಕಾಲಿನ ಲಾಳ ಸಡಿಲಾಗ್ಯದ" ಎಂದು ಎದ್ದು ನಿಂತವಳು ಅವ್ವನ ಕೈಲಿ ಜೋರಾಗಿ ಚಿವುಟಿಸಿಕೊಂಡಿದ್ದಳು.

ಗಂಡ ಧೊಂಡಿಬಾನದು ಚಿದ್ರಿಯಲ್ಲಿ ಹಿಂಡಿ ಹೊಟ್ಟಿನ ಅಂಗಡಿ. ಪಾಪದ ಮನುಷ್ಯ, ಕುದುರೆ ಸೀನಿದರೂ ಎರಡು ಹೆಜ್ಜೆ ಹಿಂದೆ ಸರಿಯುವವ. ಊರು ಬಿಟ್ಟು ಹೈದರಾಬಾದಿಗೆ ಹೊರಟ ಗಿರಾಕಿಯೊಬ್ಬ ತನ್ನ ಬಿಳಿ ಹೆಣ್ಣು ಮರಿಕುದುರೆಯನ್ನು ಅಂಗಡಿ ಮುಂದೆ ಕಟ್ಟಿ, "ನಿಮ್ಮಲ್ಲೇ ಇರ್ಲಿ" ಎಂದು ಹೋದಾಗ ಧೊಂಡಿಬಾ ಮುಂಬಾಗಿಲು ಬಿಟ್ಟು ಹಿತ್ತಿಲಿನಿಂದ ಓಡಾಡತೊಡಗಿದ. ಚಂದ್ರಭಾಗಾ ಅದಕ್ಕೆ ಬಿಜಲಿ ಎಂದು ಹೆಸರಿಟ್ಟು, ಮೈ ತಿಕ್ಕಿ, ಬೆಲ್ಲ ತಿನ್ನಿಸಿ ದೊಡ್ಡದು ಮಾಡಿದಳು. ಮೊದಲ ಮದುವೆಗೆ ಲಗಾಮು ಹಿಡಿಯಬೇಕಾದ ಆಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಆಕೆಯೇ ಹಿಡಿದಳು. ಆಮೇಲೆ ಬೇರೆ ಆಳನ್ನು ಯಾರೂ ಕೇಳಲಿಲ್ಲ.

ಹೀಗೆ ವರ್ಷಗಳು ಉರುಳಿದವು. ಮದುಮಕ್ಕಳಿಗೆ ಈಗ ಮೇಲ್ಛಾವಣಿ ತೆಗೆದ ಕಾರಿನ ಹುಚ್ಚು. ಚಂದ್ರಭಾಗಾಳ ಮೊಣಕಾಲೂ ಮೆಟ್ಟಿಲು ಕಂಡರೆ ಕಟಕಟ ಅನ್ನತೊಡಗಿತ್ತು. ಬಿಜಲಿಯನ್ನು ಮಾರಿಬಿಡೋಣ ಎಂದು ಮೊದಲು ಅಂದವಳು ಆಕೆಯೇ. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಮಗ ಅಮೋಲ್, ಜಾನುವಾರುಗಳನ್ನು ಹರಾಜು ಹಾಕುವ ಆ್ಯಪ್ ಒಂದನ್ನು ತೆರೆದು ತೋರಿಸಿದ.

"ಅವ್ವಾ, ಮನ್ಯಾಗ ಕುಂತೇ ಲಿಲಾವ ಆಗ್ತದ. ಯಾರ ಬೋಲಿ ಹೆಚ್ಚದ ಅವರಿಗೇ ಕುದರಿ. ಒಪ್ಪಿಗಿ ಅಂತ ಇಲ್ಲಿ ಒತ್ತಬೇಕು. ಒತ್ತಲಿ?"

"ನನ್ನ ಕುದರಿ ನಾನೇ ಒತ್ತತೇನಿ" ಎಂದು ಆಕೆ ಬೆರಳೊತ್ತಿದಳು.

ಭಾನುವಾರ ಸಂಜೆ ಮೂವರೂ ಕ್ರಿಕೆಟ್ ನೋಡುವವರಂತೆ ಮೊಬೈಲ್ ಸುತ್ತ ಕೂತರು. ಜಹೀರಾಬಾದಿನವನೊಬ್ಬ ಏರಿಸಿದ, ನಾಂದೇಡದವನೊಬ್ಬ ಏರಿಸಿದ, ಕೊನೆಗೆ ಔರಾದಿನ ಉಸ್ಮಾನ ಮಿಯಾ ಎಂಬುವವನ ಹೆಸರಿಗೆ ಹರಾಜು ನಿಂತಿತು. ಧೊಂಡಿಬಾ ಚಪ್ಪಾಳೆ ತಟ್ಟಿದ. ಚಂದ್ರಭಾಗಾ ಬೆಲ್ಲದ ಡಬ್ಬಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಮರುದಿನ ಬೆಳಿಗ್ಗೆ ಭಾಲ್ಕಿಯ ಹುಡುಗಿಯೊಬ್ಬಳ ಫೋನು ಬಂತು.

"ಮೌಶಿ, ನಾ ಶೀತಲ ಮಾತಾಡ್ತೇನ್ರಿ. ಮುಂದಿನ ತಿಂಗಳ ನನ್ನ ಲಗ್ನ ಅದ. ನಿಮ್ಮ ಕುದರಿ ಬೇಕಾಗಿತ್ತು."

"ನಿನ್ನ ಗಂಡು ಕುದರಿ ಏರ್ತಾನೇನವಾ? ಈಗಿನವರೆಲ್ಲಾ ಕಾರು ಅಂತಾರ."

"ಅವರು ಕಾರಿನಾಗೇ ಬರ್ಲಿ ಬಿಡ್ರಿ. ಕುದರಿ ಏರಾಕಿ ನಾನು. ಲಗಾಮು ನೀವೇ ಹಿಡೀಬೇಕು."

ಚಂದ್ರಭಾಗಾ ಎಷ್ಟು ಮದುವೆ ಕಂಡಿದ್ದಳು, ಎಷ್ಟು ಗಂಡುಗಳನ್ನು ಹತ್ತಿಸಿ ಇಳಿಸಿದ್ದಳು! ಹೆದರಿ ಕಣ್ಣು ಮುಚ್ಚಿದವರು, ಕುಡಿದು ವಾಲಿದವರು, ಹತ್ತುವಾಗ ಪಂಚೆ ಹರಿದುಕೊಂಡವರು. ಒಬ್ಬ ಹುಡುಗಿಯೂ ಈ ಮಾತು ಕೇಳಿರಲಿಲ್ಲ. "ಬರ್ತೇನವಾ, ಖರೇನೇ ಬರ್ತೇನಿ" ಎಂದು ಫೋನಿಟ್ಟಳು. ಇಟ್ಟ ಮೇಲೆ ನೆನಪಾಯಿತು, ಕುದುರೆ ನಿನ್ನೆಯೇ ಮಾರಿಹೋಗಿದೆ.

ಆ ದಿನವೆಲ್ಲ ಆಕೆಯ ತಲೆಯಲ್ಲಿ ಬೇರೆಯೇ ಲೆಕ್ಕ ಓಡಿತು. ಇವತ್ತು ಶೀತಲ ಕೇಳಿದಳು, ನಾಳೆ ಇನ್ನೊಬ್ಬಳು ಕೇಳಬಹುದು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡರಾಯಿತು. ಬಿಜಲಿಯನ್ನು ಕೊಡುವುದು ಬೇಡ. ಸಂಜೆ ಮಗನ ಮುಂದೆ ಬಾಯಿ ಬಿಟ್ಟಳು.

"ಅದೇನ್ ದೊಡ್ಡ ಮಾತಲ್ಲ. ರದ್ದು ಅಂತ ಒತ್ತಿದ್ರ ಮುಗೀತು" ಎಂದ ಅಮೋಲ್. "ಕಾರಣ ಕೇಳ್ತದ. ಕುದರಿ ಕಾಲಿಗೆ ಪೆಟ್ಟಾಗ್ಯದ ಅಂತ ಹಾಕ್ತೇನಿ."

"ನೆಟ್ಟಗ ನಿಂತ ಕುದರಿ ಕಾಲು ಮುರೀತೀಯೇನಲೇ? ಅಂಥಾ ಮಾತು ಬಾಯಾಗ ಬರಬಾರದು."

"ಕುದರಿ ಇನ್ನಾ ಇಲ್ಲೇ ಅದ, ಅವರ ರೊಕ್ಕ ಅವರಲ್ಲೇ ಅದ. ಸೌದಾ ಎಲ್ಲಿ ಆಗ್ಯದ?" ಎಂದು ಧೊಂಡಿಬಾ ದೂರದಿಂದಲೇ ನ್ಯಾಯ ಹೇಳಿದ.

"ನಾ ಒತ್ತೀನಲ್ಲ, ಹೂಂ ಅಂತ" ಎಂದಳು ಚಂದ್ರಭಾಗಾ. ಸುಳ್ಳು ಬೇಡ, ಮಾತು ಮುರಿಯುವುದೂ ಬೇಡ, ಕುದುರೆಯೂ ಹೋಗಬಾರದು. ರೊಟ್ಟಿ ಬಡಿಯುತ್ತ ಬಡಿಯುತ್ತ ಆಕೆಗೆ ಒಂದು ದಾರಿ ಹೊಳೆಯಿತು. ಬಿಜಲಿಯ ಐಬುಗಳೇನು ಕಡಿಮೆಯೇ? ಇದ್ದದ್ದು ಇದ್ದ ಹಾಗೆ ಹೋಗಿ ಹೇಳುವುದು. ಮಿಯಾನೇ ಬೇಡವೆಂದರೆ ತನ್ನ ತಪ್ಪೇನು?

ಮರುದಿನ ಆಕೆ ಔರಾದಿನ ಬಸ್ಸು ಹತ್ತಿದಳು. ಸಂತಪುರ ದಾಟುವಷ್ಟರಲ್ಲಿ ಹೇಳಬೇಕಾದ ಐಬುಗಳನ್ನು ಬೆರಳಿನ ಮೇಲೆ ಉರುಹೊಡೆದಾಗಿತ್ತು.

ಉಸ್ಮಾನ ಮಿಯಾನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ತುತ್ತೂರಿಯ ಸದ್ದೇ ದಾರಿ ತೋರಿಸಿತು. ಆತ ಮದುವೆಯ ಬ್ಯಾಂಡು ಇಟ್ಟವ. ದೊಡ್ಡ ಹೊಟ್ಟೆ, ಮೆಹಂದಿ ಹಚ್ಚಿದ ಗಡ್ಡ, ಲುಂಗಿಯ ಮೇಲೆ ಬ್ಯಾಂಡಿನ ಟೊಪ್ಪಿಗೆ. ಅಂಗಳದ ಬದಿಗೆ ಹೊಸ ತಗಡಿನ ಕೊಟ್ಟಿಗೆ ಎದ್ದಿತ್ತು. ಕುದುರೆಗಾಗಿಯೇ ಕಟ್ಟಿದ್ದೆಂದು ತಿಳಿದರೂ ಚಂದ್ರಭಾಗಾ ಬಂದ ಕೆಲಸ ಬಿಡಲಿಲ್ಲ, ತಾನು ಬಿಜಲಿಯ ಒಡತಿ ಎಂದು ಹೇಳಿಕೊಂಡಳು.

"ಬರ್ರಿ ಬಾಯಿ, ಕುಂದರ್ರಿ. ಕುದರಿ ಎಲ್ಲದ?"

"ಕುದರಿ ಮನ್ಯಾಗದ ಮಿಯಾಸಾಬ್. ಅದಕ್ಕೂ ಮೊದಲ ಒಂದೀಟು ಹೇಳೂದದ. ಹೆಸರಷ್ಟೇ ಬಿಜಲಿ. ನಡಿಗಿ ಎಮ್ಮಿದು."

ಮಿಯಾ ಹೊಟ್ಟೆ ಕುಲುಕಿಸಿ ನಕ್ಕ. "ಛಲೋನೇ ಆತಲ್ರಿ! ಕುದರಿ ಓಡಿದ್ರ ನಾವು ಬಾರಿಸೂದು ಯಾವಾಗ?"

"ಬ್ಯಾಂಡ್ ನಿಂತ್ರ ಅಕೀನೂ ನಿಲ್ತಾಳ. ಮತ್ತ ಬಾರಿಸೂತನಾ ಒಂದ್ ಹೆಜ್ಜಿ ಇಡಂಗಿಲ್ಲ."

"ಏ ಕಲೀಮ, ಕೇಳಿದೇನೋ?" ಎಂದು ಮಿಯಾ ಕ್ಲಾರಿನೆಟ್ ಒರೆಸುತ್ತಿದ್ದವನತ್ತ ತಿರುಗಿದ. "ಇನ್ನ ಹಾಡಿಗೊಮ್ಮೆ ಬೀಡಿ ಸೇದ್ಲಿಕ್ಕೆ ನಿಂದ್ರಂಗಿಲ್ಲ. ಹೇಳ್ರಿ ಬಾಯಿ, ಇನ್ನೇನು?"

"ಹೂವು ಕಂಡ್ರ ಬಿಡಂಗಿಲ್ಲ. ಹಲಬರ್ಗಾದಾಗ ಒಬ್ಬ ಮದುಮಗ ಹತ್ತೂದರಾಗೇ ಅವನ ಮಾರಿ ಮುಚ್ಚಿದ್ದ ಹೂವಿನ ಸೆಹರಾ ಅರ್ಧ ಮೇದಾಳ."

"ಹುಡುಗನ ಮಾರಿ ಜನಕ್ಕ ಕಂಡಿರಬೇಕಲ್ಲ."

"ವಯಸ್ಸೂ ಆಗ್ಯದ ಮಿಯಾಸಾಬ್."

"ನನಗೇನ್ ಆಗಿಲ್ಲೇನ್ರಿ?" ಎಂದವನು ನಗು ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟ. "ಮಾರೂ ಮುಂದ ಎಲ್ಲರೂ ಹೊಗಳ್ತಾರ. ಮಾರಿದ ಮ್ಯಾಲ ಬಸ್ ಹತ್ತಿ ಬಂದು ಐಬು ಹೇಳಿದಾಕಿ ನೀವೊಬ್ಬರೇ. ಇನ್ನ ನನಗ ಕುದರಿ ನೋಡೂದೂ ಬೇಕಿಲ್ಲ."

ಒಂದೊಂದು ಐಬಿಗೂ ಬಿಜಲಿಯ ಬೆಲೆ ಏರುತ್ತಲೇ ಇತ್ತು. ಚಂದ್ರಭಾಗಾಳ ಬೆರಳುಗಳು ಮುಗಿದವು. ಅಷ್ಟರಲ್ಲಿ ಮಿಯಾನ ಸೊಸೆ ನಾಹೀದ ಚಹಾ ತಂದಿಟ್ಟು, ಆಕೆಯ ಮುಖವನ್ನೇ ನೋಡುತ್ತ ನಿಂತಳು.

"ಅಮ್ಮಾ, ತಪ್ಪು ತಿಳೀಬ್ಯಾಡ್ರಿ. ಬರೇ ಐಬು ಹೇಳ್ಲಿಕ್ಕೆ ಯಾರೂ ಇಷ್ಟು ದೂರ ಬರಂಗಿಲ್ಲ. ನಿಮಗ ಕುದರಿ ಕೊಡ್ಲಿಕ್ಕೆ ಮನಸಿಲ್ಲ, ಹೌದಿಲ್ರಿ?"

ಚಂದ್ರಭಾಗಾ ಬಸಿಯಲ್ಲಿ ಚಹಾ ಸುರಿದುಕೊಂಡಳು, ಕುಡಿಯಲಿಲ್ಲ. ಆಮೇಲೆ ಶೀತಲಳ ಫೋನಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ನೀವೇ ಬೇಡ ಅನ್ನಲಿ ಎಂದು ಹೀಗೆ ಮಾಡಿದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಉಸ್ಮಾನ ಮಿಯಾ ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅಂದ್ರ ನಿಮ್ಮ ಜಬಾನು, ನೀವು ಕೊಟ್ಟ ಮಾತು ಉಳಿಸ್ಕೊಳ್ಳಾಕ ನನ್ನ ಜಬಾನು ಮುರಸಾಕ ಬಂದಿದ್ರಿ."

ಆಕೆ ತಲೆ ತಗ್ಗಿಸಿದಳು. ಬಸ್ಸಿನ ದಾರಿಯುದ್ದಕ್ಕೂ ಆಕೆಗೆ ಈ ಮಗ್ಗುಲು ಹೊಳೆದಿರಲಿಲ್ಲ.

"ನಿಮ್ಮದು ಸಿಕ್ತಂತ ನಾಂದೇಡದಾಗ ನೋಡಿದ್ದ ಕುದರಿ ಬಿಟ್ಟುಬಿಟ್ಟೆ. ಸಂತಪುರದವರಿಗೆ ಮಾತು ಕೊಟ್ಟೇನಿ, ಬ್ಯಾಂಡೂ ನಮ್ಮದೇ ಕುದರೀನೂ ನಮ್ಮದೇ ಅಂತ." ಆತನ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಆದ್ರ ಬಾಯಿ, ಮನಸಿಲ್ಲದ ಮನಿಯಿಂದ ಜಾನುವಾರು ಎಳಕೊಂಡು ಬರೂದು ನನಗ ಆಗಂಗಿಲ್ಲ. ಬ್ಯಾಡಂದ್ರ ಬ್ಯಾಡ. ಆ ಮೊಬೈಲಿನಾಗ ನಿಮ್ಮ ಮ್ಯಾಲ ಏನೂ ದೂರು ಬರಿಯಂಗಿಲ್ಲ. ಚಹಾ ಕುಡೀರಿ, ಆರ್ತದ."

ಬೈದಿದ್ದರೆ ಚಂದ್ರಭಾಗಾ ತಿರುಗಿ ಬೈಯುತ್ತಿದ್ದಳು. ಅದರಲ್ಲಿ ಆಕೆಯದು ಪಳಗಿದ ಬಾಯಿ. ಆದರೆ ಆತ ಬಿಟ್ಟುಕೊಟ್ಟಿದ್ದ. ಈಗ ಎದ್ದು ಹೋದರೆ ಕುದುರೆ ತನ್ನದೇ. ಸಂತಪುರದವರ ಮುಂದೆ ನಿಂತು ತಲೆ ಕೆರೆದುಕೊಳ್ಳುವವನು ಮಾತ್ರ ಈ ಮನುಷ್ಯ. ಆಕೆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು. ನೇರ ಕೊಟ್ಟಿಗೆಗೆ ಹೋಗಿ ಗೂಟ ಅಲ್ಲಾಡಿಸಿ ನೋಡಿದಳು, ಕಾಲಿನಿಂದ ನೆಲ ಒರೆಸಿ ನೋಡಿದಳು.

"ಇದೇನ್ರಿ, ಫರ್ಶಿಕಲ್ಲು ಹಾಕೀರಿ? ಉಚ್ಚಿ ಹೊಯ್ದು ಜಾರಿ ಬೀಳ್ತಾಳ. ಕಿತ್ತು ಒಗೀರಿ, ಕೆಂಪು ಮಣ್ಣು ಬಡೀರಿ. ಗಾಳಿ ಬರೂ ಕಡಿ ಬಾಯಿ ಮಾಡಿ ಕಟ್ಟಬ್ಯಾಡ್ರಿ, ನೆಗಡಿ ಆಗ್ತದ."

ಮಿಯಾ ಸೊಸೆಯ ಮುಖ ನೋಡಿದ. ಸೊಸೆ ಸೆರಗಿನಲ್ಲಿ ನಕ್ಕಳು.

"ಅಂದ್ರ ಕೊಡ್ತೀರಿ?"

"ಎಂದೋ ಕೊಟ್ಟಾಗ್ಯದಲ್ರಿ. ಈಗ ಬ್ಯಾರೆ ಸೌದಾ ಮಾತಾಡೂಣು. ಭಾಲ್ಕಿ ಲಗ್ನಕ್ಕ ನಿಮ್ಮ ಕುದರಿ ನನಗ ಬಾಡಿಗಿಗೆ ಬೇಕು."

ಮಿಯಾ ವ್ಯಾಪಾರಸ್ಥ, ತಟ್ಟನೆ ಟೊಪ್ಪಿಗೆ ತಲೆಗೇರಿತು. ಆತ ಹೇಳಿದ ಬಾಡಿಗೆ ಕೇಳಿ ಚಂದ್ರಭಾಗಾ ಹೌಹಾರಿದಳು. "ಎಮ್ಮಿ ನಡಿಗಿ ಕುದರಿಗೆ ಅಷ್ಟು ಕೇಳ್ತೀರಾ? ಹೂವು ತಿನ್ನೂ ಕುದರಿಗೆ?" ಕಲೀಮ ಕ್ಲಾರಿನೆಟ್ ಕೆಳಗಿಟ್ಟು ಗೋಡೆ ಹಿಡಿದುಕೊಂಡು ನಕ್ಕ. ಕೊನೆಗೆ ಬ್ಯಾಂಡೂ ಮಿಯಾನದೇ ಇರಬೇಕು, ಕುದುರೆಯ ಬಾಡಿಗೆ ಅದರಲ್ಲೇ ಬರಬೇಕು, ಆ ಮದುವೆಯವರೆಗೆ ಬಿಜಲಿ ಚಿದ್ರಿಯಲ್ಲೇ ಇರಬೇಕು, ಲಗಾಮು ಮಾತ್ರ ಚಂದ್ರಭಾಗಾಳ ಕೈಯಲ್ಲಿರಬೇಕು ಎಂದು ತೀರ್ಮಾನವಾಯಿತು. ಶೀತಲಳ ಅಪ್ಪನನ್ನು ಒಪ್ಪಿಸುವ ಕೆಲಸ ಚಂದ್ರಭಾಗಾಳದು. ಬಸ್ ಸ್ಟ್ಯಾಂಡಿನಿಂದಲೇ ಫೋನು ಹಚ್ಚಿ ಒಪ್ಪಿಸಿದಳು.

ಮದುವೆಯ ದಿನ ಭಾಲ್ಕಿಯ ಓಣಿ ಮಹಡಿಗಳ ಮೇಲೆಲ್ಲ ಜನ. ಶೀತಲಳ ಅಜ್ಜಿ ಕೌಸಲ್ಯಾಬಾಯಿ ಬಾಗಿಲಿಗೆ ಅಡ್ಡ ಕೂತುಬಿಟ್ಟಿದ್ದಳು. "ಹೆಣ್ಣಮಗಳು ಕುದರಿ ಏರೂದಂದ್ರೇನು? ಬಿದ್ರ ಯಾರು ಜಿಮ್ಮೇದಾರರು?"

"ಬೀಳೂದಿದ್ರ ಗಂಡಸರು ಭಾಳ ಮಂದಿ ಬಿದ್ದಾರ್ರಿ ಆಯಿ, ಲಗ್ನ ಎಲ್ಲಾರದೂ ಆಗ್ಯಾವ. ಹಿಂದ ಸರೀರಿ, ಕುದರಿ ತಿರುಗಸ್ತೇನಿ" ಎಂದಳು ಚಂದ್ರಭಾಗಾ.

ಹಸಿರು ಸೀರೆ ಉಟ್ಟು, ಕಪ್ಪು ಕನ್ನಡಕ ಹಾಕಿಕೊಂಡ ಶೀತಲ ಸಲೀಸಾಗಿ ಹತ್ತಿ ಕೂತಳು. ಮಿಯಾನ ತಂಡ ಜೋರಾಗಿ ಬಾರಿಸಿತು. ಮದುಮಗ ಪ್ರವೀಣಕುಮಾರನ ಕಾರು ಜನರ ನಡುವೆ ಸಿಕ್ಕಿಬಿದ್ದು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತು ಕಾದು ಬೇಸತ್ತ ಆತ ಇಳಿದು, ಬೆವರು ಒರೆಸಿಕೊಳ್ಳುತ್ತ ಬಂದು ಕುದುರೆಯ ಪಕ್ಕ ನಡೆಯತೊಡಗಿದ. ಕೌಸಲ್ಯಾಬಾಯಿ ಅಷ್ಟರಲ್ಲಿ ಯಾರದೋ ಮೊಬೈಲ್ ಕಸಿದು ಫೋಟೋ ತೆಗೆಸುವ ಗಡಿಬಿಡಿಯಲ್ಲಿದ್ದಳು. ಪಟ್ಟಿ ಬಿಗಿದ ಮೊಣಕಾಲಿನಲ್ಲಿ ಚಂದ್ರಭಾಗಾ ಇಡೀ ಓಣಿ ನಡೆದಳು. ನೋವು ಇರಲಿಲ್ಲವೆಂದಲ್ಲ, ಅದನ್ನು ಕೇಳಲು ಪುರುಸೊತ್ತು ಇರಲಿಲ್ಲ.

ಸಂಜೆ ಬಿಜಲಿಯನ್ನು ಔರಾದಿನ ಟೆಂಪೋಗೆ ಹತ್ತಿಸಿದರು. ಲಗಾಮನ್ನು ಚಂದ್ರಭಾಗಾ, ಬ್ಯಾಂಡಿನವರ ಜೊತೆ ಬಂದಿದ್ದ ನಾಹೀದಳ ಕೈಗೆ ಕೊಟ್ಟಳು. ಹೇಗೆ ಹಿಡಿಯಬೇಕೆಂದು ಬೆರಳು ಬಿಡಿಸಿ ತೋರಿಸಿ, "ಜಗ್ಗಬ್ಯಾಡ, ಮಾತಾಡು. ಕನ್ನಡ, ಉರ್ದು ಎರಡೂ ತಿಳೀತದ ಅಕಿಗೆ" ಎಂದಳು. ಟೆಂಪೋ ತಿರುವು ದಾಟುವವರೆಗೆ ಗಟ್ಟಿಯಾಗಿಯೇ ನಿಂತಿದ್ದಳು. ಪಕ್ಕದಲ್ಲಿ ಏನೋ ಸದ್ದು ಕೇಳಿ ನೋಡಿದರೆ, ಧೊಂಡಿಬಾ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಮನೆಯ ಹಿತ್ತಿಲು ಕೆಲವು ದಿನ ಖಾಲಿ ಹೊಡೆಯಿತು. ಬೆಳಿಗ್ಗೆ ಎದ್ದವಳ ಕೈ ಹುಲ್ಲಿನ ಕಡೆಗೇ ಹೋಗುತ್ತಿತ್ತು. ಆಮೇಲೆ ಬೀದರಿನ ಹುಡುಗಿಯೊಬ್ಬಳು, ಶೀತಲಳ ವಿಡಿಯೋ ನೋಡಿದವಳು, ಫೋನು ಮಾಡಿದಳು. ಚಂದ್ರಭಾಗಾ ತಾರೀಖು ಕೇಳಿ, ಔರಾದಿಗೆ ಫೋನು ಹಚ್ಚಿದಳು.

"ಮಿಯಾಸಾಬ್, ನಿಮ್ಮ ಕುದರಿ ಹ್ಯಾಂಗದ್ರಿ? ಒಂದು ಲಗ್ನ ಬಂದದ. ಬ್ಯಾಂಡು, ಕುದರಿ ಕೂಡಿ ಹೋದ ಸಲದಕಿಂತ ಕಡಿಮಿ ಹಿಡೀಬೇಕು ನೋಡ್ರಿ. ನಿಮಗ ಗಿರಾಕಿ ಹುಡುಕಿ ಕೊಡಾಕಿ ನಾನೇ ಅಲ್ಲೇನು?"

ಆ ಕಡೆಯಿಂದ ತುತ್ತೂರಿಯ ಸದ್ದಿನ ನಡುವೆ ಮಿಯಾ ಏನೋ ಕೂಗುತ್ತಿದ್ದ. ಆಕೆ ಕಿವಿಗೆ ಫೋನು ಒತ್ತಿಕೊಂಡು, ಕಾಲು ಚಾಚಿ ಕಟ್ಟೆಯ ಮೇಲೆ ಕೂತು ಚೌಕಾಶಿಗೆ ಇಳಿದಳು.