ನೂಕಾಲಮ್ಮನ ಹನ್ನೆರಡನೆಯ ಗಾಜು

ಕುಷ್ಠಕ್ಕೆ ಮಾತ್ರೆ ಬಂದ ಹೊಸತು. ವಿಜಯನಗರಂ ಕಡೆಯ ಕುಷ್ಠರೋಗಿಗಳ ಆಸ್ಪತ್ರೆಗೆ ಸೇರಿದಾಗ ಪೈಡಿರಾಜುವಿಗೆ ಹತ್ತೊಂಬತ್ತು ವರ್ಷ. ಎಡಗೈಯ ಎರಡು ಬೆರಳು ಮಡಚಿಕೊಂಡಿದ್ದವು, ಕಣ್ಣು ಮಾತ್ರ ಹದ್ದಿನದು. ಅದನ್ನು ಕಂಡು ಡಾಕ್ಟರಮ್ಮ ಅವನನ್ನು ಗಾಜು ನೋಡುವ ಕೆಲಸಕ್ಕೆ ಹಾಕಿಕೊಂಡರು. ರೋಗಿಯ ಕಿವಿಯ ಹಾಲೆಯನ್ನು ಚಿವುಟಿ ಹಿಡಿದು, ಬ್ಲೇಡಿನಿಂದ ಸಣ್ಣಗೆ ಸೀಳಿ, ಒಸರಿದ ರಸವನ್ನು ಗಾಜಿನ ಪಟ್ಟಿಗೆ ಸವರುವುದು. ಕೆಂಪು ಬಣ್ಣ ಹೊಯ್ದು ಆವಿಯೇಳುವವರೆಗೆ ದೀಪಕ್ಕೆ ಹಿಡಿಯುವುದು. ಆಮೇಲೆ ಆಸಿಡ್ಡಿನಲ್ಲಿ ತೊಳೆದು ನೀಲಿ ಬಣ್ಣ ಹಾಕುವುದು. ಉಳಿದದ್ದೆಲ್ಲ ನೀಲಿಯಾಗುತ್ತದೆ, ಕಡ್ಡಿಯಂತೆ ಕಾಣುವ ಈ ರೋಗದ ಕ್ರಿಮಿ ಮಾತ್ರ ಒಮ್ಮೆ ಹಿಡಿದ ಕೆಂಪನ್ನು ಬಿಡುವುದಿಲ್ಲ.

ತಿಂಗಳಿಗೊಂದರಂತೆ ಹನ್ನೆರಡು ಗಾಜು ಸಾಲಾಗಿ ಶುದ್ಧ ಬಂದರೆ ರೋಗಿಯನ್ನು ಮನೆಗೆ ಕಳಿಸುತ್ತಿದ್ದರು. ನಡುವೆ ಒಂದೇ ಒಂದು ಕೆಂಪು ಕಡ್ಡಿ ಕಂಡರೂ ಎಣಿಕೆ ಮೊದಲಿನಿಂದ. ಪೈಡಿರಾಜುವಿನ ಸ್ವಂತ ಗಾಜಿನಲ್ಲಿ ಇನ್ನೂ ಕಂತೆ ಕಂತೆ ಕಡ್ಡಿಗಳಿದ್ದವು.

ನೂಕಾಲಮ್ಮ ಹೆಂಗಸರ ವಾರ್ಡಿನವಳು. ಆಸ್ಪತ್ರೆಯ ತೋಟದಲ್ಲಿ ಗೋಂಗೂರ ಸೊಪ್ಪಿನ ಮಡಿಗಳಿಗೆ ನೀರು ಹಾಯಿಸುತ್ತಿದ್ದಳು. ಗಂಡ ಬೇರೆ ಮದುವೆಯಾಗಿದ್ದ. ಮೂರು ವರ್ಷದ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಕಿವಿ ಕೊಡುವ ದಿನ ಪೈಡಿರಾಜುವಿನ ಎದುರು ಕೂತು ಛೇಡಿಸುತ್ತಿದ್ದಳು.

"ಮೆಲ್ಲಗೆ ಚಿವುಟು ರಾಜು. ಓಲೆ ಹಾಕ್ಕೊಳ್ಳೋಕೆ ಸ್ವಲ್ಪ ಜಾಗ ಉಳಿಸು."

"ಓಲೆ ಯಾರು ಕೊಡಿಸ್ತಾರೆ?"

"ಕೊಡಿಸೋರು ಕೊಡಿಸ್ತಾರೆ. ನಿಂಗ್ಯಾಕೆ ಆ ಯೋಚನೆ?"

ಮುಂದಿನ ತಿಂಗಳು ಬರುವವರೆಗೆ ಅವನಿಗೆ ಆ ಮಾತೇ ಸಾಕಾಗುತ್ತಿತ್ತು.

ಅವಳ ಹನ್ನೊಂದು ಗಾಜು ಶುದ್ಧ ಬಂದವು. ಹನ್ನೆರಡನೆಯದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಬೆಳಗಿನ ಹತ್ತು ಗಂಟೆ. ಒಂದು ಗಾಜಿನಲ್ಲಿ ನೂರು ಕಡೆ ನೋಡಿದರೆ ಸಾಕು. ನೂರೂ ನೀಲಿ. ಅವನು ಏಳಲಿಲ್ಲ. ಇನ್ನೂರು ನೋಡಿದ, ಮುನ್ನೂರು ನೋಡಿದ. ಊಟದ ಗಂಟೆ ಹೊಡೆಯಿತು. ಒಂದು ಕಡೆ ಕೆಂಪಗೆ ಏನೋ ಕಂಡು ಕಣ್ಣನ್ನು ಇನ್ನೂ ಹತ್ತಿರ ಒತ್ತಿ ನೋಡಿದ. ಬಣ್ಣದ ಗಸಿ ಅಷ್ಟೇ. ಅದನ್ನೇ ಕ್ರಿಮಿಯೆಂದು ಬರೆದಿದ್ದರೂ ಕೇಳುವವರಿರಲಿಲ್ಲ. ತಾನು ಇಷ್ಟು ಹೊತ್ತು ಆಸೆಯಿಂದ ಹುಡುಕುತ್ತಿದ್ದುದು ಅವಳ ಕಾಯಿಲೆಯನ್ನು ಎಂದು ಹೊಳೆದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. 'ಇಲ್ಲ' ಎಂದು ಬರೆದು ಡಾಕ್ಟರಮ್ಮನ ಮೇಜಿನ ಮೇಲಿಟ್ಟ.

ಸಂಜೆ ಅವಳು ಕಿಟಕಿಯ ಹತ್ತಿರ ಬಂದಳು. "ಸರಿಯಾಗಿ ನೋಡಿದ್ಯಾ?"

"ಮೂರು ಸಲ ನೋಡಿದೆ."

"ಯಾಕೆ, ನಂಬಿಕೆ ಬರಲಿಲ್ವಾ?"

ಅವನು ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ. ಅವಳಿಗೆ ಅರ್ಥವಾಯಿತೇನೋ, ಸೆರಗಿನ ಅಂಚು ಕಚ್ಚಿಕೊಂಡಳು. "ನಿಂದೂ ಆಗುತ್ತೆ. ಮಾತ್ರೆ ತಪ್ಪಿಸಬೇಡ" ಎಂದಳು.

ಅವಳು ಹೋದ ಆರು ತಿಂಗಳಿಗೆ, ಯಾರ ಕೈಯಲ್ಲೋ ಬರೆಸಿದ ಕಾಗದ ಬಂತು. "ಮಗಳು ಈಗ ನನ್ನ ಪಕ್ಕದಲ್ಲೇ ಮಲಗ್ತಾಳೆ. ವಿಶಾಖಪಟ್ಟಣದಲ್ಲಿ ಕೂಲಿಗಿದ್ದೆ ಅಂತ ಊರಲ್ಲಿ ಹೇಳಿದೀವಿ. ನೀನು ಬರಬೇಡ. ನಿನ್ನ ಕೈ ನೋಡಿದರೆ ಕೇಳ್ತಾರೆ."

ನಾಲ್ಕು ವರ್ಷದ ಮೇಲೆ ಪೈಡಿರಾಜುವಿನ ಗಾಜುಗಳೂ ಹನ್ನೆರಡು ಸಲ ಶುದ್ಧ ಬಂದವು. ಬೆರಳು ಮಾತ್ರ ಹಾಗೇ ಉಳಿದವು. ಅವನು ಪಾರ್ವತೀಪುರಕ್ಕೆ ಟಿಕೆಟ್ ತೆಗೆದುಕೊಂಡು ಬಸ್ಸು ಹತ್ತಿದ. ನೂಕಾಲಮ್ಮನ ಊರು ಅದೇ ದಾರಿಯಲ್ಲಿತ್ತು. ಬಸ್ಸು ಅಲ್ಲಿ ಎರಡು ನಿಮಿಷ ನಿಂತಿತು. ಎಡಗೈಯನ್ನು ಟವೆಲ್ಲಿನೊಳಗೆ ಮುಚ್ಚಿಟ್ಟುಕೊಂಡು, ಹುಣಿಸೆ ಒಣಹಾಕಿದ್ದ ಅಂಗಳಗಳನ್ನೂ ಓಣಿಯಲ್ಲಿ ಓಡಾಡುವ ಹೆಂಗಸರನ್ನೂ ಒಬ್ಬೊಬ್ಬರಾಗಿ ನೋಡಿದ. ಅವಳು ಕಾಣಲಿಲ್ಲ. ಅವನು ಇಳಿಯಲಿಲ್ಲ.

ಪಾರ್ವತೀಪುರದಲ್ಲಿ ಒಂದು ಚಹಾ ಕುಡಿದು, ಅದೇ ಬಸ್ಸಿನಲ್ಲಿ ಆಸ್ಪತ್ರೆಗೆ ಮರಳಿದ. ಮರುದಿನ ಒಂಬತ್ತು ಜನರ ಕಿವಿ ನೋಡುವುದಿತ್ತು.